ಹಳೆಯ ಟರ್ಬೊ ಪಿಕಪ್: ಕೊಳ್ಳುವ ಮುನ್ನ, ಕೊಂಡ ಮೇಲೆ



ದನದ ಡಾಕ್ಟರು ಈ ಸಲ ಗಾಡಿಯ ಬಗ್ಗೆ ಬರೆದಿದ್ದಾರಲ್ಲ ಎಂದು ಹುಬ್ಬೇರಿಸಬೇಡಿ. ಕೆಚ್ಚಲು ಬಾವಿನ ಮಾತು ಮುಂದಿನ ಸಂಚಿಕೆಗಿರಲಿ. ನಿಮ್ಮಲ್ಲಿ ಕೆಲವರು ಸಂಘದಿಂದ ಸಾಲ ಪಡೆದು, ನಾಲ್ಕೈದು ಮನೆಯವರು ಸೇರಿ, ಹಳೆಯ ಡೀಸೆಲ್ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದೀರಿ. ಮೇವು ತರಲು, ಪಶು ಆಹಾರದ ಚೀಲ ಸಾಗಿಸಲು, ಕ್ಯಾನುಗಳನ್ನು ಬಿ.ಎಂ.ಸಿ. ಕೇಂದ್ರಕ್ಕೆ ಮುಟ್ಟಿಸಲು ಗಾಡಿ ಬೇಕೇ ಬೇಕು. ಆದರೆ ಅದು ದಾರಿಯಲ್ಲಿ ಕೆಟ್ಟು ನಿಂತರೆ ಹಾಲು ಕಾಯುವುದಿಲ್ಲ. ಬೇಸಿಗೆಯಲ್ಲಂತೂ ತಂಪು ಮಾಡದ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಒಡೆದ ಹಾಲಿಗೆ ಬಟವಾಡೆಯಿಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಮೊದಲು ಟರ್ಬೊ ಎಂದರೇನು ನೋಡೋಣ. ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗಲು ತಿದಿ ಒತ್ತುತ್ತಾರಲ್ಲ, ಇದೂ ಒಂದು ತಿದಿಯೇ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ನಮ್ಮ 40 ಲೀಟರಿನ ಕ್ಯಾನಿನ ಲೆಕ್ಕದಲ್ಲಿ 250 ಕ್ಯಾನು! ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಂಡಷ್ಟು ಗಾಳಿಯಲ್ಲೇ ಕೆಲಸ ಮಾಡಬೇಕು. ಟರ್ಬೊ ಇದ್ದರೆ, ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಅಷ್ಟೇ ಗಾತ್ರದ ಎಂಜಿನ್ ಹೆಚ್ಚು ಭಾರ ಎಳೆಯುವುದು ಹೀಗೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು.

ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಟರ್ಬೊ ಕಂಪನಿಯಿಂದಲೇ ಬಂದದ್ದೋ, ಆಮೇಲೆ ಗ್ಯಾರೇಜಿನಲ್ಲಿ ಕೂರಿಸಿದ್ದೋ? ಹೆಚ್ಚು ಗಾಳಿ, ಹೆಚ್ಚು ಡೀಸೆಲ್ ಎಂದರೆ ಹೆಚ್ಚು ಒತ್ತಡ, ಹೆಚ್ಚು ಶಾಖ. ಅದನ್ನು ತಡೆಯುವಂತೆ ಎಂಜಿನ್ನಿನ ಒಳಭಾಗಗಳೂ ಇರಬೇಕು. ಅಮೆರಿಕದ ಉದಾಹರಣೆ ನೋಡಿ. ಅಲ್ಲಿ ಫೋರ್ಡ್ ಪಿಕಪ್‌ಗಳ ಡೀಸೆಲ್ ಎಂಜಿನ್ ಮೊದಲು ಟರ್ಬೊ ಇಲ್ಲದೆ ಬರುತ್ತಿತ್ತು, ಜನ ಹೊರಗಿನಿಂದ ತಂದು ಹಾಕಿಸಿಕೊಳ್ಳುತ್ತಿದ್ದರು. 1993ರಲ್ಲಿ ಕಂಪನಿಯೇ ಟರ್ಬೊ ಕೊಟ್ಟಾಗ ಪಿಸ್ಟನ್ನು, ಅದರ ಪಿನ್ನುಗಳನ್ನೂ ಗಟ್ಟಿ ಮಾಡಿತು. ನಮ್ಮ ಕಡೆಯ ಹಳೆಯ ಬೊಲೆರೊ ಪಿಕಪ್‌ಗಳಲ್ಲಿ 2,523 ಸಿ.ಸಿ. ಟರ್ಬೊ ಎಂಜಿನ್ ಕಂಪನಿಯಿಂದಲೇ ಬಂದದ್ದುಂಟು. ಆರ್.ಸಿ.ಯಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ ಮೇಲೆ ಕೆತ್ತಿದ ನಂಬರಿನ ಜೊತೆ ತಾಳೆ ನೋಡಿ. ಹೊಂದದಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನು ಆಯಿಲ್. ಟರ್ಬೊದ ಪ್ರಾಣ ಇರುವುದೇ ಇದರಲ್ಲಿ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಟರ್ಬೊದ ದಂಡ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದು ನಿಂತಿರುವುದು ತೆಳುವಾದ ಆಯಿಲ್ ಪದರದ ಮೇಲೆ, ಅಷ್ಟೇ. ಭಾರ ಹೊತ್ತು ಏರು ಹತ್ತಿ ಬಂದ ಗಾಡಿಯ ಟರ್ಬೊ ಕೆಂಡದಂತೆ ಕಾದಿರುತ್ತದೆ. ಡ್ರೈವರ್ ತಕ್ಷಣ ಕೀಲಿ ತಿರುಗಿಸಿ ಇಳಿದುಬಿಟ್ಟರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಕಾವು ಮಾತ್ರ ಹಾಗೇ ಇರುತ್ತದೆ. ಒಳಗೆ ಉಳಿದ ಆಯಿಲ್ ಸೀದು, ಹಾಲು ತಳ ಹಿಡಿದಂತೆ ಕರಿಯಾಗಿ ಅಂಟಿಕೊಳ್ಳುತ್ತದೆ. ದಿನವೂ ಹೀಗಾದರೆ ಆಯಿಲಿನ ದಾರಿಯೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕೇಂದ್ರ ತಲುಪಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಮೇಲೆ ಆರಿಸಲಿ. ಅರ್ಧ ಗಂಟೆ ಓಡಿಸುವುದು ಬೇಡ, ಅದು ಡೀಸೆಲ್ ದಂಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಕ್ಸಿಲರೇಟರ್ ಒತ್ತಿ ಗುರುಗುಟ್ಟಿಸುವ ಚಟವಂತೂ ಬಿಡಲೇಬೇಕು. ಆಯಿಲ್ ಮೇಲಕ್ಕೆ ಏರಲು ಅರ್ಧ ನಿಮಿಷವಾದರೂ ಕೊಡಿ.

ಮೇವಿನ ಗಾಡಿಗೆ ದೂಳು ದೊಡ್ಡ ಶತ್ರು. ರಾಗಿ ಹುಲ್ಲು ತುಂಬುವಾಗ ಏಳುವ ಹೊಟ್ಟು ಏರ್ ಫಿಲ್ಟರನ್ನು ಮುಚ್ಚುತ್ತದೆ. ಗಾಳಿ ಸಾಲದೆ ಎಂಜಿನ್ ಕಪ್ಪು ಹೊಗೆ ಕಾರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಹರಿದ ಫಿಲ್ಟರ್ ಇನ್ನೂ ಅಪಾಯ, ಮರಳಿನ ಕಣ ಟರ್ಬೊದ ರೆಕ್ಕೆಗಳನ್ನೇ ಸವೆಸುತ್ತದೆ.

ಗಾಡಿ ನೋಡಲು ಹೋಗುವಾಗ ಮುಂಚೆಯೇ ಹೇಳಿ, ಎಂಜಿನ್ ತಣ್ಣಗಿರಲಿ. ಮಾರುವವರು ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ. ಎಂಜಿನ್ ಆರಿಸಿದ ಸ್ಥಿತಿಯಲ್ಲೇ ಅವರು ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಚಕ್ರವನ್ನು ಬೆರಳಲ್ಲಿ ಅಲುಗಿಸಲಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಡಿದರೆ ಸರಿ. ಹಿಂದೆ ಮುಂದೆ ಕೈಗೆ ಗೊತ್ತಾಗುವಂತೆ ಆಡಿದರೆ, ರೆಕ್ಕೆ ಮುರಿದಿದ್ದರೆ, ಪೈಪಿನೊಳಗೆ ಆಯಿಲ್ ನಿಂತಿದ್ದರೆ ಆ ಟರ್ಬೊ ಸವೆದಿದೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಾಸು ಕೊಳ್ಳುವಾಗ ನಾಲ್ಕೂ ಮೊಲೆ ಕರೆದು ನೋಡುವವರು ನೀವು. ಇಲ್ಲಿ ಸಂಕೋಚ ಯಾಕೆ?

ಒಂದು ಅಪಾಯವನ್ನು ಡ್ರೈವರಿಗೆ ಮೊದಲೇ ಹೇಳಿಡಿ. ಟರ್ಬೊ ತೀರಾ ಸವೆದಾಗ ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಉರಿಸಬಹುದು. ಆಗ ಕೀಲಿ ತೆಗೆದರೂ ಅದು ನಿಲ್ಲದೆ, ಕಿರುಚುತ್ತಾ ವೇಗ ಏರಿಸಿಕೊಳ್ಳುತ್ತದೆ. ಬಾನೆಟ್ ತೆರೆದು ಕೈಹಾಕಬಾರದು. ಗಾಡಿ ನಿಂತಿದ್ದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಕಟ್ಟಿ ನಿಲ್ಲುತ್ತದೆ. ಗಾಡಿಯ ಮುಂದೆ ಯಾರೂ ಇರಕೂಡದು.

ಆಯಿಲ್ ಬದಲಿಸಿದ ದಿನಾಂಕ, ಅಂದಿನ ಕಿಲೋಮೀಟರ್, ಫಿಲ್ಟರ್ ಹೊಸದು ಹಾಕಿದ ದಿನ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಡ್ರೈವರ್ ಬದಲಾದರೂ ಆ ಪುಸ್ತಕ ನಿಮ್ಮಲ್ಲೊಬ್ಬರ ಕೈಯಲ್ಲಿರಲಿ.