ಪರದಾ ಪದ್ಧತಿ

ಪರದಾ ಎಂದೊಡನೆ ಅದು ಮುಸಲ್ಮಾನರ ಪದ್ಧತಿ, ಹಿಂದೂಗಳು ಅವರಿಂದ ಕಲಿತುದು ಎಂದು ಹೇಳಿಬಿಡುವುದು ವಾಡಿಕೆ. ಪದವೇನೋ ಪಾರಸಿಯದು, ತೆರೆ ಎಂದು ಅದರ ಅರ್ಥ. ನಾವು ಬಳಸುವ ‘ಘೋಷಾ’ ಎಂಬುದೂ ಮೂಲೆ ಎಂಬರ್ಥದ ಪಾರಸಿ ಪದದಿಂದಲೇ ಬಂದಿದೆ. ಆದರೆ ಪದ ಹೊರಗಿನದಾದ ಮಾತ್ರಕ್ಕೆ ಆಚಾರವೂ ಹೊರಗಿನದಾಗಬೇಕಿಲ್ಲ. ಇಸ್ಲಾಂ ಮತ ಹುಟ್ಟುವುದಕ್ಕೆ ಮುಂಚಿನವನಾದ ಕಾಳಿದಾಸನ ಶಕುಂತಲೆ ದುಷ್ಯಂತನ ಸಭೆಗೆ ಮುಸುಕು ಹಾಕಿಕೊಂಡೇ ಬರುತ್ತಾಳೆ. ಅಂತಃಪುರದ ರಾಣಿಯರಿಗೆ ಸಂಸ್ಕೃತದಲ್ಲಿ ‘ಅಸೂರ್ಯಂಪಶ್ಯಾ’, ಎಂದರೆ ಸೂರ್ಯನನ್ನೂ ಕಾಣದವರು, ಎಂಬ ಹೆಸರಿತ್ತು.

ಹಾಗೆಂದು ಎರಡು ಸಮಾಜಗಳ ಮುಸುಕೂ ಒಂದೇ ಬಗೆಯದಲ್ಲ. ಪರದಾ ಪಾಲಿಸುವ ಮುಸಲ್ಮಾನ ಮನೆಗಳಲ್ಲಿ ಹುಡುಗಿ ಪ್ರಾಯಕ್ಕೆ ಬಂದಾಗ ಅದು ಆರಂಭವಾಗುತ್ತದೆ. ತಂದೆ, ಸೋದರ, ಗಂಡ, ಗಂಡನ ತಂದೆ ಇವರ ಮುಂದೆ ಅದು ಬೇಕಿಲ್ಲ. ಹೊರಗಿನವರ ಮುಂದೆ ಬೇಕು. ರಾಜಸ್ಥಾನ, ಹರಿಯಾಣ, ಉತ್ತರಪ್ರದೇಶಗಳ ಹಿಂದೂ ಸೊಸೆಯ ‘ಘೂಂಘಟ್’ ಇದಕ್ಕೆ ತಿರುಗುಮುರುಗು. ಅದು ಮದುವೆಯಿಂದ ಮೊದಲಾಗುತ್ತದೆ. ಮಾವನ ಮುಂದೆ, ಗಂಡನ ಅಣ್ಣಂದಿರ ಮುಂದೆಯೇ ಸೆರಗು ಮುಖದ ಮೇಲೆ ಇಳಿಯಬೇಕು. ತೌರಿಗೆ ಬಂದರೆ ಮುಸುಕಿಲ್ಲ. ಒಂದು ಮನೆತನವನ್ನು ಹೊರಗಿನವರಿಂದ ಕಾಯುತ್ತದೆ. ಇನ್ನೊಂದು ಮನೆಯೊಳಗಿನ ಹಿರಿಕಿರಿಯರ ಅಂತರವನ್ನು ಕಾಯುತ್ತದೆ.

ದಕ್ಷಿಣದ ಹಿಂದೂಗಳಲ್ಲಿ ಈ ಮುಸುಕು ಏಕೆ ಬೇರೂರಲಿಲ್ಲ? ಉತ್ತರದಲ್ಲಿ ಹೆಣ್ಣನ್ನು ಬೇರೆ ಊರಿಗೆ, ನಂಟಿಲ್ಲದ ಮನೆಗೆ ಕೊಡುತ್ತಾರೆ. ನಮ್ಮಲ್ಲಿ ಸೋದರಮಾವನ ಮನೆಗೆ ಸೊಸೆಯಾಗಿ ಹೋಗುವುದುಂಟು. ಎತ್ತಿ ಆಡಿಸಿದ ಮಾವನ ಮುಂದೆ ಮುಸುಕು ಹಾಕುವುದೆಂತು? ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟವಾದ ತಮ್ಮ ಬಂಧುತ್ವ ಕುರಿತ ಗ್ರಂಥದಲ್ಲಿ ಉತ್ತರ ದಕ್ಷಿಣಗಳ ಈ ವಿವಾಹಭೇದವನ್ನು ವಿಶದವಾಗಿ ವಿವೇಚಿಸಿದ್ದಾರೆ.

ಬಟ್ಟೆಯ ಪರದಾ ಗೋಡೆಯ ಪರದಾ ಆದಾಗ ಅನರ್ಥ ಮೊದಲಾಗುತ್ತದೆ. ಬಂಗಾಳದ ಬೇಗಂ ರೊಕೆಯಾ 1911ರಲ್ಲಿ ಕಲಕತ್ತೆಯಲ್ಲಿ ಮುಸಲ್ಮಾನ ಹುಡುಗಿಯರಿಗಾಗಿ ಶಾಲೆ ತೆರೆದರು. ಮಕ್ಕಳನ್ನು ಕರೆತರುವ ಬಸ್ಸನ್ನು ಎಲ್ಲ ಕಡೆಯೂ ಮುಚ್ಚಿದ್ದರಿಂದ ಗಾಳಿಯಿಲ್ಲದೆ ಮಕ್ಕಳು ಮೂರ್ಛೆಹೋದರು. ಕಿಟಕಿಗಳಿಗೆ ಬಟ್ಟೆಯ ತೆರೆ ಕಟ್ಟಿಸಿದಾಗ, ಗಾಳಿಗೆ ತೆರೆ ಹಾರುತ್ತದೆ, ಪರದಾ ಕೆಡುತ್ತದೆ ಎಂದು ಆಕ್ಷೇಪದ ಪತ್ರಗಳು ಬಂದುವು. 1931ರಲ್ಲಿ ಹೊರಬಂದ ‘ಅವರೋಧಬಾಸಿನಿ’ಯಲ್ಲಿ ಅವರೇ ಇದನ್ನು ಬರೆದಿದ್ದಾರೆ. ಮೈಮುಚ್ಚುವ ಉಡುಗೆಯನ್ನು ಅವರು ಹಳಿಯಲಿಲ್ಲ. ಹೆಣ್ಣನ್ನು ವಿದ್ಯೆಯಿಂದ ದೂರವಿಡುವ ಬಂಧನವನ್ನು ವಿರೋಧಿಸಿದರು.

ಆದುದರಿಂದ ಮುಸುಕು ಯಾವ ಮತದ್ದೆಂದು ವಾದಿಸುವುದಕ್ಕಿಂತ, ಅದನ್ನು ಧರಿಸಿದವಳಿಗೆ ಶಾಲೆಯ ದಾರಿ ತೆರೆದಿದೆಯೇ, ಧರಿಸುವ ಬಿಡುವ ಮಾತು ಅವಳದೇ ಆಗಿದೆಯೇ ಎಂದು ಕೇಳುವುದು ವಿದ್ಯಾರ್ಥಿಗಳಾದ ನಮಗೆ ಒಪ್ಪುವ ವಿಚಾರ.