ಬಟ್ಟೆ ಹೊದ್ದ ವಿಮಾನದೊಳಗೆ ಆಂಟೆನಾ

ವಿಮಾನದ ಮೈ ಯಾವುದರಿಂದ ಮಾಡಿದ್ದು ಎಂದು ಕೇಳಿದರೆ ನೀವು ಥಟ್ಟನೆ ‘ಲೋಹದಿಂದ’ ಎನ್ನುತ್ತೀರಿ. ಆದರೆ ಬಟ್ಟೆ ಹೊದ್ದ ವಿಮಾನಗಳೂ ಇವೆ! ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲಾಕ್ ಹೇವನ್ ಎಂಬ ಊರಿನಲ್ಲಿ 1938ರಿಂದ 1947ರವರೆಗೆ ತಯಾರಾದ ‘ಪೈಪರ್ ಜೆ-3 ಕಬ್’ ಅಂತಹ ಒಂದು ಪುಟ್ಟ ವಿಮಾನ. ಇದರಲ್ಲಿ ಇಬ್ಬರು ಕೂರಬಹುದು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಹಂದರವೇ ಅದರ ಅಸ್ಥಿಪಂಜರ. ಹಂದರದ ಮೇಲೆ ಬಿಗಿಯಾಗಿ ಎಳೆದು ಬಣ್ಣ ಬಳಿದ ಬಟ್ಟೆಯೇ ಅದರ ಚರ್ಮ. ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಕೂಡ ಬಟ್ಟೆ ಹೊದ್ದ ವಿಮಾನವೇ.

ಕಬ್ ವಿಮಾನಗಳನ್ನು ಇಂದಿಗೂ ಕೆಲವರು ಪ್ರೀತಿಯಿಂದ ಕಾಪಾಡಿಕೊಂಡು ಹಾರಿಸುತ್ತಾರೆ. ಮೂಲ ಕಬ್‌ನಲ್ಲಿ ವಿದ್ಯುತ್ ಉತ್ಪಾದಿಸುವ ಜನರೇಟರ್ ಇರಲಿಲ್ಲ. ಎಂಜಿನ್ ಚಾಲೂ ಮಾಡಲು ಮುಂದಿನ ಪಂಖವನ್ನು ಕೈಯಿಂದಲೇ ತಿರುಗಿಸಬೇಕು. ಆದ್ದರಿಂದ ಈಗ ಅದನ್ನು ಹಾರಿಸುವವರು ಬ್ಯಾಟರಿಯಿಂದ ನಡೆಯುವ ಪುಟ್ಟ ರೇಡಿಯೊ ಒಯ್ಯುತ್ತಾರೆ. ವಿಮಾನದ ಹಳೆಯ ಚೆಲುವು ಕೆಡಬಾರದೆಂದು ಹಲವರು ಆಂಟೆನಾವನ್ನು ಹೊರಗೆ ಚಾಚದೆ ಒಳಗೇ ನಿಲ್ಲಿಸುತ್ತಾರೆ. ಬಟ್ಟೆ ವಿದ್ಯುತ್ ಅವಾಹಕ. ಅದರ ಮೂಲಕ ರೇಡಿಯೊ ಅಲೆಗಳು ಸುಲಭವಾಗಿ ಹಾದುಹೋಗುತ್ತವೆ. ಲೋಹದ ಮೈಯ ವಿಮಾನದಲ್ಲಿ ಈ ಉಪಾಯ ನಡೆಯದು.

ಆದರೆ ಒಮ್ಮೊಮ್ಮೆ ವಿಚಿತ್ರ ತೊಂದರೆ ಎದುರಾಗುತ್ತದೆ. ಪೈಲಟ್‌ಗೆ ಎಲ್ಲರ ಮಾತೂ ಕೇಳಿಸುತ್ತದೆ, ಅವರ ಮಾತು ಮಾತ್ರ ಯಾರಿಗೂ ಕೇಳಿಸುವುದಿಲ್ಲ!

ಇದು ಸಣ್ಣ ತೊಂದರೆಯೇ?

ಅಲ್ಲ. ಸಣ್ಣ ವಿಮಾನ ನಿಲ್ದಾಣಗಳಲ್ಲಿ ಎಷ್ಟೋ ಕಡೆ ನಿಯಂತ್ರಣ ಗೋಪುರವೇ ಇರುವುದಿಲ್ಲ. ‘ನಾನು ಇಳಿಯಲು ಬರುತ್ತಿದ್ದೇನೆ’ ಎಂದು ಪೈಲಟ್‌ಗಳೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ತಿಳಿಸಬೇಕು. ಮಾತು ತಲುಪದಿದ್ದರೆ ಎರಡು ವಿಮಾನಗಳು ಒಂದೇ ಓಡುದಾರಿಗೆ ಒಟ್ಟಿಗೆ ಬರಬಹುದು. ತನಗೆ ಎಲ್ಲವೂ ಕೇಳಿಸುತ್ತಿರುವುದರಿಂದ ಪೈಲಟ್‌ಗೆ ದೋಷದ ಅರಿವೇ ಆಗದಿರಬಹುದು. ಅಪಾಯ ಇರುವುದು ಅಲ್ಲೇ.

ಹೀಗೇಕಾಗುತ್ತದೆ? ನೆಲದ ಮೇಲಿನ ರೇಡಿಯೊಗಳು ಎತ್ತರದ, ಒಳ್ಳೆಯ ಆಂಟೆನಾದಿಂದ ಅಲೆಗಳನ್ನು ಕಳಿಸುತ್ತವೆ. ವಿಮಾನದ ಆಂಟೆನಾ ಕೆಟ್ಟಿದ್ದರೂ ಅಲ್ಪಸ್ವಲ್ಪ ಅಲೆ ಸಿಕ್ಕರೆ ಸಾಕು, ರೇಡಿಯೊ ಅದನ್ನು ಹಿಗ್ಗಿಸಿ ಕೇಳಿಸುತ್ತದೆ. ಕಳಿಸುವಾಗ ಹಾಗಲ್ಲ. ಪುಟ್ಟ ರೇಡಿಯೊದ ಶಕ್ತಿ ಕೆಲವೇ ವಾಟ್. ಅದರಲ್ಲೂ ಹೆಚ್ಚು ಪಾಲು ವ್ಯರ್ಥವಾದರೆ ಮಾತು ದೂರ ಸಾಗದು.

ಒಳ್ಳೆಯ ಆಂಟೆನಾಕ್ಕೆ ಏನೇನು ಬೇಕು?

1. ಸರಿಯಾದ ಉದ್ದ: ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ನಡೆಯುತ್ತದೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. ನಡುವಿನ 125 ಮೆಗಾಹರ್ಟ್ಸ್ ತೆಗೆದುಕೊಳ್ಳಿ. 300ನ್ನು 125ರಿಂದ ಭಾಗಿಸಿದರೆ 2.4 ಮೀಟರ್. ಅದರ ಕಾಲು ಭಾಗ 60 ಸೆಂಟಿಮೀಟರ್. ಲೋಹದ ಕಡ್ಡಿಯ ಉದ್ದ ಇದಕ್ಕಿಂತ ತುಸು ಕಡಿಮೆ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

2. ಬುಡದಲ್ಲಿ ಲೋಹದ ಹಾಸು: ಇಂತಹ ಕಡ್ಡಿ ಒಂಟಿಯಾಗಿ ದುಡಿಯದು. ಅದರ ಬುಡದಲ್ಲಿ ಲೋಹದ ಹರವು ಬೇಕು. ಇದನ್ನು ‘ಗ್ರೌಂಡ್ ಪ್ಲೇನ್’ ಎನ್ನುತ್ತಾರೆ. ಲೋಹದ ವಿಮಾನದಲ್ಲಿ ಅದರ ಮೈಯೇ ಈ ಕೆಲಸ ಮಾಡುತ್ತದೆ. ಬಟ್ಟೆಯ ವಿಮಾನದಲ್ಲಿ ಅದಿಲ್ಲ. ಆದ್ದರಿಂದ ಕಡ್ಡಿಯ ಬುಡದಿಂದ ನಾಲ್ಕು ದಿಕ್ಕಿಗೆ ಸುಮಾರು 60 ಸೆಂಟಿಮೀಟರ್ ಉದ್ದದ ಲೋಹದ ಪಟ್ಟಿಗಳನ್ನು ಹರಡುತ್ತಾರೆ.

3. ನೆಟ್ಟಗಿನ ನಿಲುವು: ನೆಲದ ಮೇಲಿನ ಆಂಟೆನಾಗಳು ಲಂಬವಾಗಿ ನಿಂತಿರುತ್ತವೆ. ವಿಮಾನದ ಆಂಟೆನಾ ಕೂಡ ಹಾಗೆಯೇ ನಿಲ್ಲಬೇಕು. ಜಾಗ ಸಾಲದೆಂದು ಅಡ್ಡ ಮಲಗಿಸಿದರೆ ಸಂಜ್ಞೆ ಕುಗ್ಗುತ್ತದೆ.

4. ಕೊಳವೆಗಳಿಂದ ದೂರ: ಹಂದರದ ಉಕ್ಕಿನ ಕೊಳವೆಗಳು ಅಲೆಗಳನ್ನು ಪ್ರತಿಫಲಿಸುತ್ತವೆ. ಆಂಟೆನಾ ಕೊಳವೆಗೆ ತೀರಾ ಹತ್ತಿರವಿದ್ದರೆ ಕೆಲವು ದಿಕ್ಕುಗಳಲ್ಲಿ ಅಲೆಗಳು ದುರ್ಬಲವಾಗುತ್ತವೆ.

ದೋಷ ಹುಡುಕುವ ಕ್ರಮ

ಒಳ್ಳೆಯ ತಂತ್ರಜ್ಞರು ಕಂಡಕಂಡದ್ದನ್ನೆಲ್ಲ ಒಮ್ಮೆಗೇ ಬದಲಿಸುವುದಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಫಲಿತಾಂಶ ನೋಡುತ್ತಾರೆ. ವಿಜ್ಞಾನದ ಪ್ರಯೋಗಗಳಲ್ಲೂ ಹೀಗೇ ಅಲ್ಲವೆ?

ಮೊದಲ ಪ್ರಶ್ನೆ: ದೋಷ ರೇಡಿಯೊದ್ದೋ ಆಂಟೆನಾದ್ದೋ? ಅದೇ ರೇಡಿಯೊಗೆ ಚೆನ್ನಾಗಿರುವ ಬೇರೊಂದು ಆಂಟೆನಾ ಜೋಡಿಸುತ್ತಾರೆ. ಆಗ ಮಾತು ತಲುಪಿದರೆ ರೇಡಿಯೊ ಸರಿಯಿದೆ ಎಂದಾಯಿತು.

ಎರಡನೆಯದು ಕೇಬಲ್. ಟಿ.ವಿ. ಕೇಬಲ್‌ನಂತೆ ಇದರಲ್ಲೂ ನಡುವೆ ಒಂದು ತಂತಿ, ಅದರ ಸುತ್ತ ಅವಾಹಕ, ಅದರ ಮೇಲೆ ತಂತಿಯ ಹೆಣಿಗೆ ಇರುತ್ತದೆ. ಕೇಬಲನ್ನು ಎರಡೂ ಕಡೆ ಬಿಚ್ಚಿ ಮಲ್ಟಿಮೀಟರ್‌ನಿಂದ ಪರೀಕ್ಷಿಸುತ್ತಾರೆ. ನಡುತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ರೋಧ ಬಹುತೇಕ ಸೊನ್ನೆ ಇರಬೇಕು. ಹೆಣಿಗೆಯ ಎರಡು ತುದಿಗಳ ನಡುವೆಯೂ ಹಾಗೆಯೇ. ನಡುತಂತಿಗೂ ಹೆಣಿಗೆಗೂ ಮಾತ್ರ ಸಂಪರ್ಕ ಇರಕೂಡದು. ಹಳೆಯ ವಿಮಾನಗಳಲ್ಲಿ ಜೋಡಣೆಗಳು ಕಿಲುಬು ಹಿಡಿದಿರುವುದು, ಸಡಿಲವಾಗಿರುವುದು ಸಾಮಾನ್ಯ.

ಮೂರನೆಯದು ಹಿಂದಿರುಗುವ ಶಕ್ತಿಯ ಅಳತೆ. ಆಂಟೆನಾ ಹೊಂದಾಣಿಕೆಯಾಗದಿದ್ದರೆ, ಗೋಡೆಗೆ ಬಡಿದ ಚೆಂಡಿನಂತೆ ಶಕ್ತಿಯ ಒಂದು ಪಾಲು ರೇಡಿಯೊ ಕಡೆಗೇ ಮರಳುತ್ತದೆ. ಇದನ್ನು ‘ಎಸ್‌ಡಬ್ಲ್ಯುಆರ್’ ಮೀಟರ್ ತಿಳಿಸುತ್ತದೆ. ಮೀಟರ್ 1 ತೋರಿಸಿದರೆ ಏನೂ ಮರಳುತ್ತಿಲ್ಲ. 2 ತೋರಿಸಿದರೆ ಒಂಬತ್ತರಲ್ಲಿ ಒಂದು ಪಾಲು, 3 ತೋರಿಸಿದರೆ ನಾಲ್ಕರಲ್ಲಿ ಒಂದು ಪಾಲು ಮರಳುತ್ತಿದೆ ಎಂದರ್ಥ. ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆದಾಗ, ಬೇಕಾದ್ದಕ್ಕಿಂತ ಕಡಿಮೆ ಆವೃತ್ತಿಯಲ್ಲಿ ಮೀಟರ್ ಅತಿ ಕಡಿಮೆ ತೋರಿಸಿದರೆ ಕಡ್ಡಿ ಉದ್ದವಾಗಿದೆ. ಆಗ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಮತ್ತೆ ಅಳೆಯುತ್ತಾರೆ.

ನಾಲ್ಕನೆಯದು ದಿಕ್ಕಿನ ಪರೀಕ್ಷೆ. ವಿಮಾನವನ್ನು ಮೈದಾನದಲ್ಲಿ ನಿಲ್ಲಿಸಿ ದೂರದಲ್ಲಿರುವ ಗೆಳೆಯರೊಡನೆ ರೇಡಿಯೊದಲ್ಲಿ ಮಾತನಾಡುತ್ತ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾರೆ. ಒಂದು ದಿಕ್ಕಿನಲ್ಲಿ ಮಾತ್ರ ಮಾತು ಕ್ಷೀಣಿಸಿದರೆ ಯಾವುದೋ ಲೋಹದ ಭಾಗ ಅಡ್ಡ ಬರುತ್ತಿದೆ ಎಂದು ತಿಳಿಯುತ್ತದೆ.

ಕೊನೆಯದು ಗರಗರ ಸದ್ದು. ಎಂಜಿನ್ ನಿಂತಿದ್ದಾಗ ಸ್ವಚ್ಛವಾಗಿದ್ದ ಧ್ವನಿ, ಎಂಜಿನ್ ಚಾಲೂ ಆದೊಡನೆ ಗರಗರ ಎಂದರೆ, ವೇಗ ಹೆಚ್ಚಿದಂತೆ ಗರಗರವೂ ಬದಲಾದರೆ, ತಪ್ಪು ಆಂಟೆನಾದ್ದಲ್ಲ. ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳ ಕಿಡಿಯೂ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತದೆ. ಪ್ಲಗ್‌ನ ತಂತಿಗಳಿಗೆ ಲೋಹದ ಹೆಣಿಗೆಯ ಕವಚ ತೊಡಿಸುವುದೇ ಇದಕ್ಕೆ ಪರಿಹಾರ.

ಈ ಕೆಲಸಗಳನ್ನು ಅರ್ಹ ತಂತ್ರಜ್ಞರೇ ಮಾಡಬೇಕು. ಆದರೆ ಇದರ ಹಿಂದಿನ ತತ್ವವನ್ನು ನೀವೂ ಪರೀಕ್ಷಿಸಬಹುದು.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಬ್ಯಾಟರಿಯಿಂದ ನಡೆಯುವ ಪುಟ್ಟ ಟ್ರಾನ್ಸಿಸ್ಟರ್, ಟವೆಲ್, ಬಿಗಿ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬಿ.

* ಟ್ರಾನ್ಸಿಸ್ಟರ್‌ನಲ್ಲಿ ಯಾವುದಾದರೂ ಎಫ್‌ಎಂ ಕೇಂದ್ರ ಹಚ್ಚಿ. ಅದನ್ನು ಟವೆಲ್‌ನಲ್ಲಿ ಸುತ್ತಿ ಕೇಳಿ. ಬಳಿಕ ಕಡ್ಡಿ ಮಡಚಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ. ಕಾರ್ಯಕ್ರಮ ಕ್ಷೀಣಿಸಿ ಬರಿ ಮೊರೆತ ಕೇಳಿಸಬಹುದು. ಮುಚ್ಚಳ ತೆರೆದಾಗ ಏನಾಗುತ್ತದೆ?
* ಕಡ್ಡಿಯನ್ನು ಪೂರ್ತಿ ಎಳೆದು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಲಾಗಿ ಹಿಡಿಯಿರಿ. ಯಾವಾಗ ಚೆನ್ನಾಗಿ ಕೇಳಿಸಿತು?
* ಈಗ ಮೀಡಿಯಂ ವೇವ್‌ಗೆ ಬದಲಿಸಿ. ಕೋಣೆಯ ದೀಪದ ಸ್ವಿಚ್ಚನ್ನು ಒತ್ತಿದಾಗ ‘ಟಪ್’ ಎಂಬ ಸದ್ದು ಬರುವುದೇ ಗಮನಿಸಿ. ಅದು ಸ್ವಿಚ್ಚಿನೊಳಗಿನ ಪುಟ್ಟ ಕಿಡಿಯ ಕೆಲಸ.

ಫಲಿತಾಂಶಗಳನ್ನು ನೋಟ್‌ಬುಕ್‌ನಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.

ಯೋಚಿಸಿ ಉತ್ತರಿಸಿ

1. 100 ಮೆಗಾಹರ್ಟ್ಸ್‌ನ ಎಫ್‌ಎಂ ಅಲೆಯ ಉದ್ದವೆಷ್ಟು? ಅದರ ಕಾಲು ಭಾಗ ಎಷ್ಟು? ನಿಮ್ಮ ಟ್ರಾನ್ಸಿಸ್ಟರಿನ ಕಡ್ಡಿಯನ್ನು ಅಳೆದು ಹೋಲಿಸಿ.
2. ‘ನನಗೆ ಎಲ್ಲವೂ ಕೇಳಿಸುತ್ತಿದೆ, ಹಾಗಾಗಿ ನನ್ನ ರೇಡಿಯೊ ಸರಿಯಾಗಿದೆ’ ಎಂದು ಪೈಲಟ್ ಒಬ್ಬರು ಹೇಳುತ್ತಾರೆ. ಹಾರುವ ಮೊದಲು ಅವರು ಇನ್ನೂ ಏನನ್ನು ಪರೀಕ್ಷಿಸಿಕೊಳ್ಳಬೇಕು?