ಜೂಲು ನಾಯಿಗೆ ಕುರಿಗತ್ತರಿ ಬೇಡ

ಭಾರತ ಹುಣ್ಣಿಮೆಯ ಮೈಲಾರ ಜಾತ್ರೆ, ಕಾರಣಿಕ ಮುಗಿದವೆಂದರೆ ಹಡಗಲಿ, ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಬಿಸಿಲು ಏರತೊಡಗುತ್ತದೆ. ಅದರ ಬೆನ್ನಿಗೇ ಬೋಳು ಜರ್ಮನ್ ಶೆಫರ್ಡ್‌ಗಳು, ಬೋಳು ಪಾಮೇರಿಯನ್‌ಗಳು ಓಣಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ‘ಸೆಕೆ ತಾಳ್ತಿರಲಿಲ್ಲ, ಕುರಿ ಕತ್ತರಿಸೋರು ಬಂದಿದ್ರು, ಇದಕ್ಕೂ ಒಂದು ಕೈ ಆಡಿಸಿ ಅಂದ್ವಿ’ ಎನ್ನುತ್ತಾರೆ ಮನೆಯವರು. ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ನಾಡಿದು. ನಾಯಿಯ ಮೇಲಿನ ಪ್ರೀತಿಗೆ ಕೊರತೆಯಿಲ್ಲ. ತಪ್ಪಿರುವುದು ಲೆಕ್ಕ.

ಕುರಿಯ ಉಣ್ಣೆ ಬೆಳೆಯುತ್ತಲೇ ಇರುತ್ತದೆ, ಕತ್ತರಿಸದಿದ್ದರೆ ಅದಕ್ಕೇ ಭಾರ. ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಸೇಂಟ್ ಬರ್ನಾರ್ಡ್‌ಗಳ ಮೈ ಹಾಗಲ್ಲ. ಮೇಲೆ ಒರಟು ಹೊರಗೂದಲು, ಅಡಿಯಲ್ಲಿ ಹತ್ತಿಯಂಥ ಒಳತುಪ್ಪಳ. ಎರಡೂ ಒಂದು ಅಳತೆಗೆ ಬೆಳೆದು ನಿಲ್ಲುತ್ತವೆ, ಕಾಲಕ್ಕೆ ಉದುರುತ್ತವೆ. ಹೊರಗೂದಲು ಬಿಸಿಲನ್ನು ಚರ್ಮಕ್ಕೆ ತಾಗಗೊಡುವುದಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದೂ ಇಲ್ಲ. ನಾಲಿಗೆ ಚಾಚಿ ತೇಕಿ ಮೈ ತಣಿಸಿಕೊಳ್ಳುತ್ತದೆ. ಬೋಳಿಸಿದರೆ ಆಗುವುದು ತಂಪಲ್ಲ, ಏಪ್ರಿಲ್‌ನ 40 ಡಿಗ್ರಿಯಲ್ಲಿ ಚರ್ಮ ಸುಡುತ್ತದೆ. ಕೆಲವು ನಾಯಿಗಳಿಗೆ, ಅದರಲ್ಲೂ ಪಾಮೇರಿಯನ್‌ಗಳಿಗೆ, ಬೋಳಿಸಿದ ಜಾಗದಲ್ಲಿ ತಿಂಗಳುಗಟ್ಟಲೆ ಕೂದಲೇ ಬರುವುದಿಲ್ಲ, ಬಂದರೂ ತೇಪೆತೇಪೆ. ಗಾಯಕ್ಕೆ ಔಷಧ ಹಚ್ಚಲು ಪಶುವೈದ್ಯರು ಬೋಳಿಸಿದರೆ ಅದು ಬೇರೆ. (ಪೂಡ್ಲ್, ಶಿಹ್ ತ್ಸುಗಳ ಕೂದಲು ಬೆಳೆಯುತ್ತಲೇ ಇರುವುದರಿಂದ ಅವಕ್ಕೆ ಕತ್ತರಿ ಬೇಕೇ ಬೇಕು. ಮುಧೋಳ ನಾಯಿ ಸಾಕಿದವರು ಒದ್ದೆ ಬಟ್ಟೆಯಲ್ಲಿ ಅದರ ಮೈ ಒರೆಸಿ ಈ ಪುಟ ತಿರುಗಿಸಬಹುದು.)

ಸೆಕೆಗೆ ಮದ್ದು ಬಾಚಣಿಗೆ. ಉದುರಿಯೂ ಮೈಗೆ ಅಂಟಿಕೊಂಡೇ ಇರುವ ಒಳತುಪ್ಪಳ ಹೊರಬಂದರೆ ಚರ್ಮಕ್ಕೆ ಗಾಳಿಯಾಡುತ್ತದೆ. ಸಣ್ಣ ತಂತಿ ಹಲ್ಲಿನ ಬ್ರಷ್, ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ಎರಡಿದ್ದರೆ ಸಾಕು; ಹೊಸಪೇಟೆಗೋ ದಾವಣಗೆರೆಗೋ ಹೋದಾಗ ತನ್ನಿ. ಬ್ಲೇಡ್ ಇರುವ ಬಾಚಣಿಗೆಯನ್ನು ಅಂಗಡಿಯವರು ಎಷ್ಟೇ ಹೊಗಳಲಿ, ಹೊಸಬರಿಗೆ ಬೇಡ. ಅದು ಹೊರಗೂದಲನ್ನೂ ತುಂಡರಿಸುತ್ತದೆ.

ಮೊದಲು ಬಾಚುವುದು, ಆಮೇಲೆ ಸ್ನಾನ. ಗಂಟು ನೀರು ಕುಡಿದು ಒಣಗಿದರೆ ಬಿಗಿದುಕೊಳ್ಳುತ್ತದೆ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಚರ್ಮ ಗೆರೆಯಾಗಿ ಕಾಣಬೇಕು. ಆ ಗೆರೆಯಿಂದ ಕೆಳಕ್ಕೆ ಬಾಚಿ, ಹೊಟ್ಟೆಯ ಕಡೆಯಿಂದ ಬೆನ್ನಿನವರೆಗೆ ಪದರ ಪದರವಾಗಿ ಏರಿ. ಮೇಲೆಮೇಲೆ ಸವರಿದರೆ ನಾಯಿ ಹೊಳೆಯುತ್ತದೆ, ಒಳಗೆ ಜಡೆ ಹಾಗೇ ಉಳಿಯುತ್ತದೆ. ಕಿವಿಯ ಹಿಂದೆ, ಕಂಕುಳು, ತೊಡೆಯ ಹಿಂಭಾಗ, ಕೊರಳಪಟ್ಟಿಯ ಅಡಿ, ಇವು ಜಡೆಗಟ್ಟುವ ಜಾಗಗಳು. ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಗಂಟನ್ನು ಬೆರಳಲ್ಲೇ ಸೀಳಿ, ತುದಿಯಿಂದ ಬುಡದ ಕಡೆಗೆ ಬಿಡಿಸಿ. ಗಂಟಿನ ಅಡಿಗೆ ಕತ್ತರಿ ತೂರಿಸಬೇಡಿ. ಚರ್ಮ ಗಂಟಿನೊಳಕ್ಕೆ ಎಳೆದುಕೊಂಡಿರುತ್ತದೆ, ಕೂದಲ ಜೊತೆ ಅದೂ ಕತ್ತರಿಸಿಹೋಗುತ್ತದೆ. ಹೊಲಕ್ಕೆ ಹೋಗಿಬಂದ ನಾಯಿಯಾದರೆ ಉತ್ತರಾಣಿ ಬೀಜ, ಕಾಲ್ಬೆರಳ ಸಂದಿಯ ನೆಗ್ಗಿಲುಮುಳ್ಳು, ಒಣಗಿದ ಎರೆಮಣ್ಣನ್ನು ಅಂದೇ ತೆಗೆಯಿರಿ. ವಾರಕ್ಕೆ ಎರಡು ಸಲ ಬಾಚಿದರೆ ಸಾಕು, ತುಪ್ಪಳ ಉದುರುವ ಕಾಲದಲ್ಲಿ ದಿನವೂ.

ಸ್ನಾನ ತಿಂಗಳಿಗೊಮ್ಮೆ. ನಮ್ಮ ಶಾಂಪೂ, ಬಟ್ಟೆ ಸೋಪು ಬೇಡ. ನಾಯಿಯ ಚರ್ಮಕ್ಕೆ ಮನುಷ್ಯರದರಷ್ಟು ಆಮ್ಲೀಯತೆ ಇಲ್ಲ, ನಾಯಿಗೆಂದೇ ಮಾಡಿದ ಶಾಂಪೂವನ್ನು ನೀರಲ್ಲಿ ಕಲಸಿ ಹಚ್ಚಿ. ಬೋರ್‌ವೆಲ್‌ನ ಗಡಸು ನೀರಾದರೆ ನೊರೆ ಹೋಯಿತೆಂದು ನಿಲ್ಲಿಸದೆ ಇನ್ನೆರಡು ಬಕೆಟ್ ಸುರಿಯಿರಿ. ಒಣಗಿಸುವಲ್ಲಿ ಸೋಮಾರಿತನ ಸಲ್ಲದು. ಹೊರಗೆ ಒಣಗಿದಂತೆ ಕಂಡರೂ ಒಳತುಪ್ಪಳ ಹಸಿಯಾಗಿದ್ದರೆ ವಾಸನೆ, ಕೆರೆತ, ಆಮೇಲೆ ರಸಿ ಸೋರುವ ಹುಣ್ಣು. ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಕೂರಿಸಿ, ಬಾಚುತ್ತಾ ಒಣಗಿಸಿ.

ಇನ್ನುಳಿದವು. ಉಗುರು ಕಪ್ಪಾಗಿದ್ದರೆ ಒಳಗಿನ ರಕ್ತನಾಳ ಕಾಣದು, ಚೂರುಚೂರೇ ಕತ್ತರಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಕಿವಿಗೆ ಹತ್ತಿಕಡ್ಡಿ ಹಾಕಬೇಡಿ. ಉಣ್ಣಿಯನ್ನು ಕಿವಿಯೊಳಗೆ, ಬಾಲದ ಬುಡದಲ್ಲಿ, ಬೆರಳ ಸಂದಿಯಲ್ಲಿ ಹುಡುಕಿ. ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ದನದ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ ಸುರಿಯಬೇಡಿ. ತೂಕಕ್ಕೆ ತಕ್ಕ ಔಷಧವನ್ನು ಪಶುವೈದ್ಯರೇ ಬರೆದುಕೊಡಲಿ. ಉಣ್ಣಿ ಕಚ್ಚಿದ ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಕರೆದೊಯ್ಯಿರಿ.